ಓಂಕಾರಪ್ಪನವರ ಬೆಂಡಿನ ವಿಮಾನ

ಮ್ಯೂಸಿಯಮ್ಮಿನ ದೊಡ್ಡ ಹಾಲಿನ ಸೂರಿಗೆ ಹನ್ನೊಂದು ವಿಮಾನಗಳನ್ನು ತೂಗುಹಾಕಿದ್ದಾರೆ. ಹನ್ನೊಂದನ್ನೂ ಮಾಡಿದವರು ಓಂಕಾರಪ್ಪ. ಹರಿಹರದ ಕಡೆಯವರು, ಕೋಲ್ಕತ್ತಾಕ್ಕೆ ಬಂದು ಮೂವತ್ತೆರಡು ವರ್ಷ, ಮ್ಯೂಸಿಯಮ್ಮಿನ ಹಿಂಭಾಗದ ಕಾರ್ಯಾಗಾರದಲ್ಲಿ ಮಾದರಿ ಮಾಡುವ ಕೆಲಸ. ಮರ, ತಗಡು, ಫೈಬರ್, ಏನು ಕೊಟ್ಟರೂ ಅವರ ಕೈಯಲ್ಲಿ ಹೇಳಿದ ಹಾಗೆ ಕೇಳುತ್ತದೆ. ವಿಮಾನದ ಕಿಟಕಿಯೊಳಗೆ ಇಣುಕಿದರೆ ಹೆಬ್ಬೆರಳುದ್ದದ ಪೈಲಟ್ ಕೂತಿರುತ್ತಾನೆ, ಅವನ ಕುತ್ತಿಗೆಗೆ ಮಫ್ಲರ್ ಕೂಡ ಇರುತ್ತದೆ. ಬಂದವರೆಲ್ಲ ಕತ್ತೆತ್ತಿ ನೋಡಿ ಹೇಳುವುದು ಒಂದೇ ಮಾತು: ಈಗಷ್ಟೇ ನೆಲ ಬಿಟ್ಟು ಏರುತ್ತಿರುವ ಹಾಗಿದೆ. ಹನ್ನೊಂದರ ಮೂಗೂ ಮೇಲಕ್ಕಿರುವುದೇ ಅದಕ್ಕೆ ಕಾರಣ. ಬಾಲದೊಳಗೆ ಯಾರಿಗೂ ಕಾಣದಂತೆ ಒಂದು ಸೀಸದ ಚೂರು ಇಟ್ಟು, ತಂತಿಯನ್ನು ಒಂದು ಬೆರಳು ಆಚೀಚೆ ಸರಿಸಿ, ಮೂಗು ಆಕಾಶ ನೋಡುವಂತೆ ಮಾಡಿಬಿಟ್ಟರೆ ಮರದ ತುಂಡಿಗೂ ಜೀವ ಬರುತ್ತದೆ ಎಂದು ಓಂಕಾರಪ್ಪ ನಂಬಿದ್ದರು. ನೋಡಿದವರೂ ನಂಬಿದ್ದರು.

ನಂಬದವನು ಒಬ್ಬನೇ, ಕಾವಲುಗಾರ ಪ್ರದೀಪ. ಹನ್ನೆರಡು ವರ್ಷದಿಂದ ಅದೇ ಹಾಲಿನಲ್ಲಿ ಅವನ ಡ್ಯೂಟಿ. ನಟ್ಟನಡುವೆ ಫ್ಯಾನಿನ ಗಾಳಿ ಧಾರಾಳವಾಗಿ ಬೀಳುವ ಜಾಗವಿದ್ದರೂ ಅವನು ಕುರ್ಚಿಯನ್ನು ಮೂಲೆಯ ಗೋಡೆಗೆ ಒತ್ತಿ ಹಾಕಿಕೊಂಡು, ಮೇ ತಿಂಗಳ ಸೆಕೆಯಲ್ಲೂ ಅಲ್ಲೇ ಬೇಯುತ್ತಿದ್ದ. ಕೇಳಿದರೆ, ನಿಮ್ಮ ವಿಮಾನದ ಕೆಳಗೆ ಕೂತರೆ ತಲೆಯ ಮೇಲೆ ಬೀಳುತ್ತದೆ ಅನಿಸುತ್ತದೆ ದಾದಾ ಎಂದು ಬಂಗಾಳಿಯಲ್ಲಿ ಹೇಳಿ ನಗುತ್ತಿದ್ದ. ಅದು ಉಕ್ಕಿನ ತಂತಿ, ಆನೆ ಜೋತುಬಿದ್ದರೂ ಹರಿಯುವುದಿಲ್ಲ ಎಂದು ಓಂಕಾರಪ್ಪ ಎಷ್ಟು ಸಲ ಹೇಳಿದರೂ ಅಷ್ಟೇ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಕೊನೆಗೆ ಅವರೂ ಸುಮ್ಮನಾಗಿದ್ದರು.

ಬರುವ ಜನವರಿಗೆ ಅವರಿಗೆ ಅರವತ್ತು. ಆ ತಿಂಗಳ ಕೊನೆಗೆ ನಿವೃತ್ತಿ.

ಅವರ ಮನೆ ಢಾಕುರಿಯಾದಲ್ಲಿ, ಮೂರನೇ ಮಹಡಿಯ ಎರಡು ಕೋಣೆ. ಒಬ್ಬಳೇ ಮಗಳು ನಿಕಿತಾ ಮದುವೆಯಾಗಿ ಸಿಲಿಗುರಿಯಲ್ಲಿದ್ದಾಳೆ. ಮನೆಯಲ್ಲಿ ಈಗ ಅವರು ಮತ್ತು ಹೆಂಡತಿ ಲೀಲಾ. ಬೆಳಿಗ್ಗೆ ಹತ್ತಿರದ ಸರೋವರದ ದಡದಲ್ಲಿ ಒಂದು ಸುತ್ತು ಹಾಕುವುದು ಓಂಕಾರಪ್ಪನವರ ಅಭ್ಯಾಸ. ದುರ್ಗಾಪೂಜೆಯ ಗದ್ದಲ ಮುಗಿದು ಊರು ಸುಸ್ತಾಗಿ ಮಲಗಿದ್ದ ಒಂದು ಬೆಳಿಗ್ಗೆ, ನೀರಿನ ಮೇಲೆ ತೆಳ್ಳಗೆ ಮಂಜು ಕೂತಿತ್ತು. ಕಂಬಿಯ ಮೇಲೆ ನಿದ್ದೆಗಣ್ಣಿನಲ್ಲಿದ್ದ ಬೆಳ್ಳಕ್ಕಿಯೊಂದು ಅವರು ಹತ್ತಿರ ಬಂದದ್ದನ್ನು ತಡವಾಗಿ ಕಂಡು, ಮುಖದ ಪಕ್ಕದಲ್ಲೇ ರೆಕ್ಕೆ ಬಿಚ್ಚಿ ಹೋಯಿತು. ಅದರ ಗಾಳಿ ಅವರ ಕೆನ್ನೆಗೆ ತಗುಲಿತು.

ಅಷ್ಟೇ ಆದದ್ದು. ಆದರೆ ಅವರು ಅಲ್ಲೇ ಬಹಳ ಹೊತ್ತು ನಿಂತರು. ಮೂವತ್ತೆರಡು ವರ್ಷದಲ್ಲಿ ತಾನು ಎಷ್ಟು ರೆಕ್ಕೆ ಮಾಡಿದೆ, ಅದರಲ್ಲಿ ಒಂದಾದರೂ ಯಾರ ಕೆನ್ನೆಗಾದರೂ ಗಾಳಿ ಬೀಸಿದೆಯೇ ಎಂದು ಯೋಚನೆ ಬಂತು. ಇಲ್ಲ. ಎಲ್ಲವೂ ತಂತಿಯಲ್ಲಿ ನೇತಾಡಿ ಧೂಳು ಹಿಡಿದದ್ದೇ. ಮ್ಯೂಸಿಯಮ್ಮಿನ ಬೀಗದ ಕೈ ವಾಪಸು ಕೊಡುವ ಮುಂಚೆ ತನ್ನ ಕೈಯಿಂದ ಹೊರಟದ್ದು ಒಂದಾದರೂ ನಿಜವಾಗಿ ಹಾರಬೇಕು. ಇಲ್ಲದಿದ್ದರೆ ತಾನು ಮಾಡಿದ್ದೆಲ್ಲ ಬೊಂಬೆಯಾಟ ಎಂದು ಅವರಿಗೆ ಅನಿಸಿತು. ಅನಿಸಿದ್ದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಮಧ್ಯಾಹ್ನ ಊಟವಾದ ಮೇಲೆ ಕಾರ್ಯಾಗಾರದ ಬೆಂಚಿನಲ್ಲಿ ಕಣ್ಣು ಮುಚ್ಚಿದರೆ, ಊರಿನ ಆಕಾಶದ ತುಂಬ ತಂತಿಗಳು ಇಳಿಬಿದ್ದು, ಒಂದೊಂದರ ತುದಿಯಲ್ಲೂ ಒಂದೊಂದು ಬೆಳ್ಳಕ್ಕಿ ಅಲುಗಾಡದೆ ತೂಗುವ ಹಾಗೆ ಕಾಣುತ್ತಿತ್ತು.

ಎಸ್‌ಪ್ಲನೇಡಿನ ಗಲ್ಲಿಯೊಂದರಲ್ಲಿ ರಿಮೋಟ್ ವಿಮಾನ ಮಾರುವ ಅಂಗಡಿಯಿದೆ. ಓಂಕಾರಪ್ಪ ಮೂರು ಶನಿವಾರ ಅಲ್ಲಿಗೆ ಹೋಗಿ ಗಾಜಿನೊಳಗಿನ ಒಂದು ಕೆಂಪು ಯುದ್ಧವಿಮಾನವನ್ನು ನೋಡಿಕೊಂಡು ಬಂದರು. ರೆಕ್ಕೆ ಹೊಟ್ಟೆಯ ಕೆಳಗೆ, ಮೂಗು ಈಟಿಯಂತೆ. ಅದನ್ನು ಹಾರಿಸುವ ಕನಸು ಕಾಣುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ನಾಲ್ಕನೇ ಶನಿವಾರ ಬರುವ ಮುಂಚೆ ಕನ್ನಡ ಸಂಘದ ರಾಜ್ಯೋತ್ಸವದ ಊಟ ಬಂತು, ಬಿಸಿಬೇಳೆಬಾತಿನ ಸಾಲಿನಲ್ಲಿ ಅವರ ಹಿಂದೆ ತನ್ಮಯಿ ನಿಂತಿದ್ದಳು.

ತನ್ಮಯಿ ಮೈಸೂರಿನ ಹುಡುಗಿ, ಜಾದವಪುರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎನ್ನುವುದೇ ಅವಳ ವಿಷಯ. ಭಾನುವಾರಗಳಲ್ಲಿ ಗೆಳೆಯರ ಜೊತೆ ಊರಾಚೆಯ ಗದ್ದೆಬಯಲಿಗೆ ಹೋಗಿ ರಿಮೋಟ್ ವಿಮಾನ ಹಾರಿಸುತ್ತಾಳೆ ಎಂದು ಗೊತ್ತಾದ ಮೇಲೆ ಓಂಕಾರಪ್ಪ ಅವಳನ್ನು ಬಿಡಲಿಲ್ಲ. ಕೆಂಪು ಯುದ್ಧವಿಮಾನದ ವರ್ಣನೆಯನ್ನು ಅವಳು ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು.

"ಅದನ್ನ ತಗೊಂಡ್ರೆ ಮೊದಲನೇ ನಿಮಿಷದಲ್ಲೇ ಕಳ್ಕೋತೀರ ಸಾರ್," ಅಂದಳು. "ಮೊದಲನೇ ವಿಮಾನ ಅಂದ್ರೆ ನಾವು ತಪ್ಪು ಮಾಡಿದ್ರೂ ಮನ್ನಿಸಬೇಕು. ಅದು ಮನ್ನಿಸಲ್ಲ."

ಆಮೇಲೆ ಆಮಂತ್ರಣ ಪತ್ರಿಕೆಯ ಬೆನ್ನಿನ ಮೇಲೆ ಪೆನ್ನಿನಿಂದ ಬರೆದು ತೋರಿಸಿದಳು. ರೆಕ್ಕೆ ಮೈಯ ಮೇಲುಗಡೆ ಇರಬೇಕು. ಎರಡು ರೆಕ್ಕೆಯ ತುದಿಗಳೂ ಸ್ವಲ್ಪ ಮೇಲಕ್ಕೆದ್ದಿರಬೇಕು, ಮಗುವನ್ನು ಎತ್ತಿಕೊಳ್ಳಲು ಚಾಚಿದ ಕೈಗಳಂತೆ. ಹಾಗಿದ್ದರೆ ಗಾಬರಿಯಾಗಿ ರಿಮೋಟಿನ ಕಡ್ಡಿ ಬಿಟ್ಟರೂ ಅದು ತಾನಾಗಿ ಸಮವಾಗುತ್ತದೆ. ಹಗುರವಿರಬೇಕು, ನಿಧಾನವಿರಬೇಕು. ಫೋಮ್ ಹಾಳೆ ತಂದು ಮನೆಯಲ್ಲೇ ಕಟ್ಟಿಕೊಳ್ಳಬಹುದು. ಮೋಟರು, ಬ್ಯಾಟರಿ, ಬಾಲದ ಪಟ್ಟಿ ಅಲುಗಿಸುವ ಪುಟ್ಟ ಮೋಟರುಗಳು ಮಾತ್ರ ಅಂಗಡಿಯಲ್ಲಿ ಕೊಂಡರೆ ಸಾಕು. ಓಂಕಾರಪ್ಪನವರಿಗೆ ಒಳಗೊಳಗೇ ನಿರಾಸೆಯಾಯಿತು. ಕುದುರೆ ಕೊಳ್ಳಲು ಹೋದವನಿಗೆ ಹಸು ಹಿಡಿದುಕೊಂಡು ಹೋಗು ಅಂದಂತಿತ್ತು. ಆದರೂ ಪತ್ರಿಕೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು.

ಫೋಮ್ ಹಾಳೆ ತರಲು ಹೊರಟವರು ತಂದದ್ದು ಬೇರೆ. ಗಡಿಯಾಹಾಟಿನ ಮಾರುಕಟ್ಟೆಯ ಒಳಗೆ, ಮದುವೆಯ ಮುಕುಟ ಮಾಡುವವನೊಬ್ಬ ಹೊಸ ಶೋಲಾದ ಕಟ್ಟು ಇಳಿಸುತ್ತಿದ್ದ. ಕಂದು ಸಿಪ್ಪೆಯ ಉದ್ದುದ್ದ ಕೋಲುಗಳು, ಒಂದು ತುದಿ ಕತ್ತರಿಸಿದ್ದಕ್ಕೆ ಒಳಗಿನ ಬಿಳಿ ಕಾಣುತ್ತಿತ್ತು. ಬಂಗಾಳದವರ ಶೋಲಾ ಎಂದರೆ ನಮ್ಮ ಬೆಂಡು. ಓಂಕಾರಪ್ಪ ಒಂದು ಕೋಲನ್ನು ಕೈಗೆತ್ತಿಕೊಂಡರು. ಕೈಯಲ್ಲಿ ಏನೂ ಇಲ್ಲದ ಹಾಗಿತ್ತು.

ಅವರ ಅಪ್ಪ ಹರಿಹರದಲ್ಲಿ ಬಾಸಿಂಗ ಕಟ್ಟುತ್ತಿದ್ದವರು. ಬೆಂಡನ್ನು ಚಾಕುವಿಗೆ ತಾಗಿಸಿ ಉರುಳಿಸಿದರೆ ಕಾಗದಕ್ಕಿಂತ ತೆಳ್ಳಗಿನ ಸುರುಳಿ ಬಿಚ್ಚಿಕೊಳ್ಳುತ್ತಿತ್ತು. ಅದರಿಂದ ಹೂ, ಗಿಳಿ, ಗೋಪುರ, ಮದುಮಕ್ಕಳ ಹಣೆಯ ಮೇಲೆ ಒಂದು ದಿನ ಮೆರೆಯುವ ವೈಭವ. ಮದುವೆ ಮುಗಿದ ಮೇಲೆ ಅದನ್ನು ತುಂಗಭದ್ರೆಗೆ ಬಿಟ್ಟುಬಿಡುತ್ತಿದ್ದರು. ಎರಡು ವಾರ ಬೆನ್ನು ಬಗ್ಗಿಸಿ ಮಾಡಿದ್ದು ಹೊಳೆಯಲ್ಲಿ ತೇಲಿಹೋಗುವುದನ್ನು ನೋಡಿ ಬಾಲಕ ಓಂಕಾರಪ್ಪನವರಿಗೆ ಅಳು ಬರುತ್ತಿತ್ತು. ಅಪ್ಪನಿಗೆ ಬರುತ್ತಿರಲಿಲ್ಲ. "ಒಂದ್ ದಿನ ಬಾಳಿದ್ರ ಸಾಕು," ಎನ್ನುತ್ತಿದ್ದರು ಅವರು. "ಆದ್ರ ಆ ದಿನ ಬಾಳಬೇಕು ನೋಡು."

ಮಗನಿಗೆ ಒಂದು ದಿನ ಸಾಕಾಗಲಿಲ್ಲ. ದಾವಣಗೆರೆಯಲ್ಲಿ ಚಿತ್ರಕಲೆ ಕಲಿತು, ಅರ್ಜಿ ಹಾಕಿ, ಮಾಡಿದ್ದನ್ನು ಯಾರೂ ಹೊಳೆಗೆ ಬಿಡದ ಜಾಗ ಹುಡುಕಿಕೊಂಡು ಬಂದು ಮ್ಯೂಸಿಯಂ ಸೇರಿದರು. ಅಲ್ಲಿಂದ ಈಚೆಗೆ ಬೆಂಡನ್ನು ಮುಟ್ಟಿರಲೇ ಇಲ್ಲ.

ಹನ್ನೆರಡು ಕೋಲಿನ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದಾಗ ಲೀಲಾ ಬಾಗಿಲಲ್ಲೇ ನಿಂತು ನೋಡಿದರು. ಅವರೂ ಬಾಸಿಂಗದ ಮನೆತನದವರೇ, ರಾಣೆಬೆನ್ನೂರಿನವರು. ಯಾರ ಮದುವೆ ಎಂದು ಕೇಳಿದರು. ಯಾರದ್ದೂ ಅಲ್ಲ, ವಿಮಾನಕ್ಕೆ ಎಂದಾಗ ನಗಲಿಲ್ಲ, ಬೈಯಲೂ ಇಲ್ಲ. ಕೋಲೊಂದನ್ನು ಮೂಗಿನ ಹತ್ತಿರ ಹಿಡಿದು ಕೆರೆಯ ವಾಸನೆ ನೋಡಿ, ಹಳೆಯ ಟ್ರಂಕಿನಿಂದ ತವರಿನ ಚಾಕು ತೆಗೆದರು. ಅದನ್ನು ಅವರು ಕೋಲ್ಕತ್ತಾಕ್ಕೆ ತಂದಿದ್ದರು ಎನ್ನುವುದೇ ಗಂಡನಿಗೆ ಗೊತ್ತಿರಲಿಲ್ಲ.

ಆಮೇಲಿನ ಐದು ವಾರ ಆ ಮನೆಯಲ್ಲಿ ಹಗುರಾದ ದಿನಗಳು. ಚಳಿಗಾಲದ ಬಿಸಿಲು ಬಾಲ್ಕನಿಗೆ ಬಂದು ಕೂರುವ ಹೊತ್ತಿಗೆ ಲೀಲಾ ಬೆಂಡು ಉರುಳಿಸುತ್ತಿದ್ದರು, ಬಿಳಿ ಸುರುಳಿ ಅವರ ಮಡಿಲಿಗೆ ಬೀಳುತ್ತಲೇ ಇರುತ್ತಿತ್ತು. ಓಂಕಾರಪ್ಪ ಗಾಳಿಪಟದವನಿಂದ ತಂದ ಬಿದಿರಿನ ಕಡ್ಡಿಗಳನ್ನು ಸೀಳಿ ರೆಕ್ಕೆಗೆ ಬೆನ್ನುಮೂಳೆ ಮಾಡಿದರು. ಅಂಗಡಿಯ ಅಂಟು ಬೆಂಡನ್ನು ತಿಂದುಹಾಕಿತು ಎಂದು ಲೀಲಾ ಹುಣಸೆಬೀಜ ಅರೆದು ಕುದಿಸಿ ಅಂಟು ಮಾಡಿದರು. ಮೇಲಿನ ಹೊದಿಕೆಗೆ ಗಾಳಿಪಟದ ಬಿಳಿ ಕಾಗದ, ಅಂಚಿಗೆ ಕುಂಕುಮದ ಬಣ್ಣದ ಸಣ್ಣ ಪಟ್ಟಿ. ರಜೆಯ ಮಧ್ಯಾಹ್ನಗಳಲ್ಲಿ ಕೇಳುತ್ತಿದ್ದದ್ದು ಇಷ್ಟೇ. ಕೆಳಗೆ ರಿಕ್ಷಾದ ಗಂಟೆ, ದೂರದಲ್ಲಿ ಲೋಕಲ್ ರೈಲು, ಚಾಕುವಿನ ಸಪ್ಪಳ. ಮದುವೆಯಾಗಿ ಮೂವತ್ತು ವರ್ಷವಾದರೂ ತಾವಿಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿದ್ದು ಇದೇ ಮೊದಲು ಎಂದು ಓಂಕಾರಪ್ಪನವರಿಗೆ ಹೊಳೆದು, ಸ್ವಲ್ಪ ನಾಚಿಕೆಯೂ ಆಯಿತು.

ಕೆಲಸ ಮುಗಿದ ದಿನ ತನ್ಮಯಿ ಬಂದು ಎಲ್ಲ ನೋಡಿದಳು. ರೆಕ್ಕೆಯ ಅಡಿಯಲ್ಲಿ ಅಳೆದು ಎರಡು ಶಾಯಿಯ ಚುಕ್ಕೆ ಇಟ್ಟಳು. ಅಲ್ಲಿ ಎರಡು ಬೆರಳು ಕೊಟ್ಟು ಎತ್ತಿದರೆ ವಿಮಾನ ಸಮವಾಗಿ, ಮೂಗು ಕೂದಲೆಳೆಯಷ್ಟು ಕೆಳಗೆ ನಿಲ್ಲಬೇಕು ಎಂದಳು. ನಿಂತಿತು. ಇನ್ನು ಏನನ್ನೂ ಸೇರಿಸಬೇಡಿ ಸಾರ್ ಎಂದು ಹೇಳಿ, ಲೀಲಾ ಕೊಟ್ಟ ಮಂಡಕ್ಕಿ ತಿಂದು ಹೋದಳು.

ಅವಳು ಹೋದ ಮೇಲೆ ಓಂಕಾರಪ್ಪ ಆ ಚುಕ್ಕೆಗಳ ನೇರಕ್ಕೆ ದಾರ ಕಟ್ಟಿ ವಿಮಾನವನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ತೂಗುಹಾಕಿದರು. ಅದು ಅವರ ಕೈಯ ರೂಢಿ, ಮಾಡಿದ್ದನ್ನೆಲ್ಲ ತೂಗುಹಾಕಿ ನೋಡಿದರೇನೇ ಸಮಾಧಾನ. ದೂರ ನಿಂತು ನೋಡಿದರು, ಹತ್ತಿರ ಬಂದು ನೋಡಿದರು. ಮೂಗು ಕೆಳಗಿತ್ತು. ಪರೀಕ್ಷೆಯಲ್ಲಿ ನಪಾಸಾಗಿ ಮನೆಗೆ ಬಂದವನ ಮೋರೆಯಂತಿತ್ತು. ಐದು ವಾರ ಇಬ್ಬರೂ ಜೀವ ತೇಯ್ದು ಮಾಡಿದ್ದು ಹೀಗೆ ಜೋಲುಮೋರೆ ಹಾಕಿಕೊಂಡು ಆಕಾಶಕ್ಕೆ ಹೋಗುವುದೇ? ಕೂದಲೆಳೆಯ ಮಾತು ತಾನೇ, ಏನಾದೀತು ಎಂದುಕೊಂಡು ಬಾಲದ ಕಾಗದವನ್ನು ಬಿಡಿಸಿ, ಒಳಗೆ ಒಂದು ಸೀಸದ ಚೂರು ಇಟ್ಟು, ಮತ್ತೆ ಅಂಟಿಸಿದರು. ಅಂಟಿಸಿದ ಗುರುತು ಅವರಿಗೇ ಕಾಣಲಿಲ್ಲ. ವಿಮಾನದ ಮೂಗು ಮೆಲ್ಲಗೆ ಎದ್ದು ಆಕಾಶ ನೋಡಿತು. ಆಗ ಅದಕ್ಕೆ ಜೀವ ಬಂತು ಎಂದು ಅವರಿಗೆ ಅನಿಸಿತು, ಅನಿಸಿದ್ದಕ್ಕೆ ಖುಷಿಯೂ ಆಯಿತು.

ಡಿಸೆಂಬರಿನ ಮೂರನೇ ಭಾನುವಾರ ಮೂವರೂ ಢಾಕುರಿಯಾದಲ್ಲಿ ಲೋಕಲ್ ಹತ್ತಿದರು. ಲಕ್ಷ್ಮೀಕಾಂತಪುರದ ದಾರಿಯಲ್ಲಿ ಒಂದೂವರೆ ಗಂಟೆ, ಇಳಿದು ಟೋಟೊ ಎನ್ನುವ ಬ್ಯಾಟರಿ ರಿಕ್ಷಾದಲ್ಲಿ ಇನ್ನೊಂದಷ್ಟು ದೂರ. ಕೊಯ್ಲಾದ ಗದ್ದೆಯ ಬಯಲು, ಅದರಾಚೆ ಶೋಲಾ ಬೆಳೆಯುವ ಜೌಗಿನ ನೀರು. ತನ್ಮಯಿ ಬಾಲದ ಪಟ್ಟಿಗಳು ಅಲುಗುವುದನ್ನು ಪರೀಕ್ಷೆ ಮಾಡಿದಳು, ತೂಕವನ್ನು ಮತ್ತೆ ನೋಡಲಿಲ್ಲ. ಸಾರ್ ಕೈಕೆಲಸದಲ್ಲಿ ಎರಡನೇ ಸಲ ನೋಡುವುದೇನಿದೆ ಎಂದುಕೊಂಡಿರಬೇಕು. ಮೊದಲು ತಾನು ಏರಿಸಿ, ನೆಟ್ಟಗೆ ಹಾರುವಂತೆ ಮಾಡಿ, ಆಮೇಲೆ ರಿಮೋಟನ್ನು ಅವರ ಕೈಗೆ ಕೊಡುತ್ತೇನೆ ಎಂದಳು.

ಓಂಕಾರಪ್ಪ ಗಾಳಿಗೆ ಎದುರಾಗಿ ನಾಲ್ಕು ಹೆಜ್ಜೆ ಓಡಿ ವಿಮಾನವನ್ನು ಬಿಟ್ಟರು. ಅದು ಅವರ ಕೈಯಿಂದ ಹೊರಟು, ನೇರವಾಗಿ ಹೋಗುವ ಬದಲು ಮೂಗೆತ್ತಿ ಮೇಲಕ್ಕೆ ಎದ್ದಿತು. ತನ್ಮಯಿ ತಗ್ಗಿಸಲು ನೋಡಿದಳು, ಅದು ಮತ್ತಷ್ಟು ಎದ್ದಿತು. ಎರಡು ಆಳಿನೆತ್ತರದಲ್ಲಿ, ಒಂದು ಉಸಿರಿನಷ್ಟು ಹೊತ್ತು, ಮೂಗು ಆಕಾಶಕ್ಕಿಟ್ಟು ಅಲುಗದೆ ನಿಂತಿತು. ಬಹಳ ಚೆನ್ನಾಗಿ ಕಂಡಿತು. ಆಮೇಲೆ ಒಂದು ರೆಕ್ಕೆ ಜಾರಿ, ಗದ್ದೆಯ ಕೂಳೆಗಳ ಮೇಲೆ ಮುಗ್ಗರಿಸಿತು.

ತನ್ಮಯಿಗೆ ಅರ್ಥವಾಗಲಿಲ್ಲ. ಬಾಲ ಭಾರವಾದ ವಿಮಾನ ಹೀಗೆ ಮಾಡುತ್ತದೆ, ಆದರೆ ನಾವು ತೂಕ ನೋಡಿದ್ದೆವಲ್ಲ ಎಂದು ಮತ್ತೆ ಮತ್ತೆ ಹೇಳಿಕೊಂಡಳು, ತಪ್ಪು ತನ್ನ ಕೈಯದೇ ಇರಬೇಕೆಂದು ಕಣ್ಣು ತುಂಬಿಕೊಂಡಳು. ಓಂಕಾರಪ್ಪ ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ಲೀಲಾ ಕೂಳೆಗಳ ನಡುವೆ ಬಗ್ಗಿ ಬೆಂಡಿನ ಚೂರುಗಳನ್ನೆಲ್ಲ ಸೆರಗಿಗೆ ಆಯ್ದುಕೊಂಡರು. ವಾಪಸು ಬರುವ ರೈಲಿನಲ್ಲಿ ತನ್ಮಯಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಮರುದಿನ ಸೋಮವಾರ, ಮ್ಯೂಸಿಯಮ್ಮಿಗೆ ರಜೆ, ಹಾಲಿನಲ್ಲಿ ಕಾವಲಿನ ಪ್ರದೀಪ ಬಿಟ್ಟರೆ ಜನವಿರಲಿಲ್ಲ. ಓಂಕಾರಪ್ಪ ಸುಮ್ಮನೆ ಬಂದು ನಡುವೆ ನಿಂತು ಕತ್ತೆತ್ತಿದರು. ಎತ್ತಿದ ಕತ್ತು ಹಾಗೇ ನಿಂತಿತು. ನಿನ್ನೆ ಬೀಳುವ ಮುಂಚಿನ ಆ ಒಂದು ಉಸಿರಿನಲ್ಲಿ ವಿಮಾನ ಹೇಗಿತ್ತೋ ಹಾಗೇ ಇದ್ದವು ಹನ್ನೊಂದೂ. ಅದೇ ಎತ್ತಿದ ಮೂಗು, ಅದೇ ಚೆಂದ. ಎಲ್ಲರೂ ಏರುತ್ತಿವೆ ಎನ್ನುತ್ತಿದ್ದ ತನ್ನ ಹನ್ನೊಂದು ವಿಮಾನಗಳು ಬೀಳುವುದಕ್ಕೆ ಒಂದು ಕ್ಷಣ ಮುಂಚೆ ನಿಂತಿದ್ದವು. ಮೂವತ್ತೆರಡು ವರ್ಷ ತಾನು ತೂಗುಹಾಕಿದ್ದು ಇದನ್ನೇ. ಅವರು ಹೋಗಿ ಪ್ರದೀಪನ ಪಕ್ಕದಲ್ಲಿ ಗೋಡೆಗೆ ಒರಗಿದರು.

ಇವು ಬೀಳುತ್ತವೆ ಎಂದು ನಿನಗೆ ಯಾರು ಹೇಳಿದರು ಎಂದು ಮೊದಲ ಸಲ ನಿಜವಾಗಿ ಕೇಳಿದರು. ಯಾರೂ ಹೇಳಿಲ್ಲ ದಾದಾ ಎಂದ ಪ್ರದೀಪ. ಅವನ ಊರು ಕ್ಯಾನಿಂಗ್ ಕಡೆ, ಹೊಳೆಬದಿ, ಹುಟ್ಟಿದಂದಿನಿಂದ ಕೊಕ್ಕರೆ ನೋಡಿಕೊಂಡು ಬೆಳೆದವನು. ಹಕ್ಕಿ ಎದೆ ಎತ್ತುವುದು ಹಾರುವುದನ್ನು ನಿಲ್ಲಿಸಿ ಕೂರುವುದಕ್ಕೆ, ದೂರ ಹೋಗುವ ಹಕ್ಕಿ ತಲೆಯನ್ನು ಮುಂದಕ್ಕೆ ಚಾಚಿ ಸ್ವಲ್ಪ ಕೆಳಗೇ ಇಟ್ಟುಕೊಳ್ಳುತ್ತದೆ ಎಂದು ಅವನು ಹೇಳಿದ. ಹೇಳಿ, ಇಷ್ಟು ಓದಿದವರಿಗೆ ಇದನ್ನೆಲ್ಲ ಹೇಳಬೇಕೇ ಎನ್ನುವಂತೆ ನೋಡಿದ.

ಸಂಜೆ ಮನೆಯಲ್ಲಿ ಓಂಕಾರಪ್ಪ ಸೀಸದ ವಿಷಯ ಹೇಳಲು ಮಾತು ಹುಡುಕುತ್ತ ಕೂತರು. ಲೀಲಾ ಚಹಾದ ಲೋಟದ ಪಕ್ಕದಲ್ಲಿ ಆ ಚೂರನ್ನೇ ತಂದಿಟ್ಟರು. ನಿನ್ನೆ ಕೂಳೆಗಳ ನಡುವೆ ಅವರಿಗೆ ಸಿಕ್ಕಿತ್ತು.

"ಇದು ಬೆಂಡಿನಾಗ ಬೆಳಿಯಂಗಿಲ್ಲ ಅನ್ನಾದು ನಂಗೂ ಗೊತ್ತೈತಿ," ಎಂದರು ಲೀಲಾ. "ಆ ಹುಡುಗಿ ರೈಲಿನಾಗ ಕಣ್ಣೀರು ಒರಸ್ಕಂಡ್ಲು. ಮೊದ್ಲು ಆಕಿಗೆ ಹೇಳ್ರಿ."

ಓಂಕಾರಪ್ಪ ಆಗಲೇ ತನ್ಮಯಿಗೆ ಫೋನು ಮಾಡಿ ಎಲ್ಲ ಹೇಳಿದರು. ಬೈದಿದ್ದರೂ ಬೈಸಿಕೊಳ್ಳುತ್ತಿದ್ದರು. ಅವಳು ಬೈಯಲಿಲ್ಲ. "ಸ್ವಲ್ಪ ತಲೆ ತಗ್ಗಿಸಿಕೊಂಡಿರೋ ವಿಮಾನಾನೇ ಸಾರ್ ಹಾರೋದು," ಎಂದಳು, ಆಮೇಲೆ ನಕ್ಕಳು. ನಗು ಕೇಳಿದ ಮೇಲೆ ಅವರಿಗೆ ಉಸಿರು ಬಂತು.

ಎರಡನೇ ಸಲ ಕಟ್ಟುವುದು ಬೇಗ ಮುಗಿಯಲಿಲ್ಲ, ಏಕೆಂದರೆ ಬೇಗ ಮುಗಿಸಲು ಇಬ್ಬರಿಗೂ ಮನಸ್ಸಿರಲಿಲ್ಲ. ಆದರೆ ದಿನಗಳು ಕಾಯುವುದಿಲ್ಲ. ಕಾರ್ಯಾಗಾರದಲ್ಲಿ ಬೀಳ್ಕೊಡುಗೆಯ ಮಾತು ಶುರುವಾಗಿತ್ತು, ಹೊಸಬನೊಬ್ಬ ಬಂದು ಅವರ ಉಳಿಗಳನ್ನು ನೋಡಿಕೊಂಡು ಹೋಗಿದ್ದ. ಈ ಸಲವೂ ಬಿದ್ದರೆ ಮೂರನೆಯದಕ್ಕೆ ಸಮಯವಿಲ್ಲ ಎನ್ನುವುದು ಓಂಕಾರಪ್ಪನವರಿಗೆ ಗೊತ್ತಿತ್ತು. ವಿಮಾನವನ್ನು ಅದೇ ಹಗ್ಗಕ್ಕೆ ತೂಗುಹಾಕಿದರು. ಮೂಗು ಕೂದಲೆಳೆಯಷ್ಟು ಕೆಳಗಿತ್ತು. ಕೈ ತಾನಾಗಿ ಬಾಲದ ಕಡೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತರು. ಬಿಸಿಲು ಇಳಿಯುವವರೆಗೂ ನೋಡಿದರು. ನೋಡುತ್ತ ನೋಡುತ್ತ ಆ ತಗ್ಗಿದ ತಲೆ ಜೋಲುಮೋರೆಯಾಗಿ ಕಾಣುವುದು ನಿಂತುಹೋಯಿತು. ಬಾಸಿಂಗ ಕಟ್ಟಿಸಿಕೊಳ್ಳಲು ತಲೆ ಬಾಗಿಸುವ ಮದುಮಗಳು ಅವರ ನೆನಪಿಗೆ ಬಂದಳು.

ಜನವರಿಯ ಕೊನೆಯ ಭಾನುವಾರ ಮತ್ತೆ ಅದೇ ಲೋಕಲ್, ಅದೇ ಬಯಲು. ಮಂಜು ಆಗಷ್ಟೇ ಕರಗುತ್ತಿತ್ತು. ಎಲ್ಲೋ ಖರ್ಜೂರದ ಬೆಲ್ಲ ಕಾಯಿಸುವ ವಾಸನೆ. ಈ ಸಲ ತನ್ಮಯಿ ಎರಡು ಬೆರಳ ಮೇಲೆ ವಿಮಾನ ಎತ್ತಿ ನೋಡಿ, ಅವರ ಮುಖವನ್ನೂ ನೋಡಿ, ರಿಮೋಟ್ ಹಿಡಿದಳು. ಓಂಕಾರಪ್ಪ ಓಡಲಿಲ್ಲ. ನಿಂತಲ್ಲಿಂದಲೇ, ಗಾಳಿಯ ಎದುರಿಗೆ, ಮೆಲ್ಲಗೆ ತಳ್ಳಿದರು.

ಅದು ಹೊರಟಿತು. ಮೊದಲು ನೆಲದ ಕಡೆಗೆ ಸ್ವಲ್ಪ ಬಾಗಿ, ಆಮೇಲೆ ಗಾಳಕ್ಕೆ ಸಿಕ್ಕ ಮೀನಿನಂತೆ ಒದ್ದಾಡದೆ, ತನಗೆ ದಾರಿ ಗೊತ್ತಿದೆ ಎನ್ನುವ ಹಾಗೆ ಏರಿತು. ಕೂಳೆಗಳ ಮೇಲೆ, ಬದುವಿನ ತಾಳೆಮರಗಳ ಮೇಲೆ. ಕಾಗದದ ಮೂಲಕ ಬಿಸಿಲು ಹಾದು ರೆಕ್ಕೆಯೊಳಗಿನ ಬಿದಿರಿನ ಕಡ್ಡಿಗಳೆಲ್ಲ ಎಣಿಸುವಂತೆ ಕಂಡವು. ತನ್ಮಯಿ ರಿಮೋಟಿನಲ್ಲಿ ಏನೇನೋ ಸರಿಮಾಡಿ, ಅದನ್ನು ಓಂಕಾರಪ್ಪನವರ ಕೈಗೆ ಕೊಟ್ಟಳು. ಅವರು ಕಡ್ಡಿಯನ್ನು ಎಡಕ್ಕೆ ಒಂದು ಕಾಳಿನಷ್ಟು ಸರಿಸಿದರು. ಅಷ್ಟು ದೂರದಲ್ಲಿ, ಯಾವ ತಂತಿಯೂ ಇಲ್ಲದೆ, ಅದು ಎಡಕ್ಕೆ ವಾಲಿತು. ಅವರ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ವಿಮಾನ ಜೌಗಿನ ನೀರಿನ ಮೇಲೆ ಒಂದು ಸುತ್ತು ಹೋಗಿ ಬಂತು, ಇನ್ನೊಂದು ಸುತ್ತು. ಪೈಲಟ್ಟಿಗೆ ಮಫ್ಲರ್ ಇಲ್ಲ, ಪೈಲಟ್ಟೇ ಇಲ್ಲ. ಕೆಳಗಿನಿಂದ ಅಂಚಿನ ಕುಂಕುಮದ ಪಟ್ಟಿಯೂ ಕಾಣುತ್ತಿರಲಿಲ್ಲ. ಮೂವತ್ತೆರಡು ವರ್ಷ ಯಾವುದಕ್ಕಾಗಿ ಕಣ್ಣು ಸವೆಸಿದ್ದರೋ ಅದು ಯಾವುದೂ ಅಲ್ಲಿ ಲೆಕ್ಕಕ್ಕಿರಲಿಲ್ಲ. ಮೂರನೇ ಸುತ್ತಿನಲ್ಲಿ ಅದನ್ನು ತೀರ ಕೆಳಗೆ ತಂದು, ತಮ್ಮಿಬ್ಬರ ಪಕ್ಕದಲ್ಲೇ ಹಾಯಿಸಿದರು. ಲೀಲಾ ಕೆನ್ನೆಗೆ ಕೈ ಇಟ್ಟುಕೊಂಡರು. "ಗಾಳಿ ಬಂತು," ಎಂದರು.

ಓಂಕಾರಪ್ಪನವರಿಗೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ರಿಮೋಟನ್ನು ಹೆಂಡತಿಯ ಕೈಗೆ ಕೊಟ್ಟರು. ನಂಗ ಬರಂಗಿಲ್ಲ ಎಂದರು ಲೀಲಾ, ಅನ್ನುತ್ತಲೇ ಗಟ್ಟಿಯಾಗಿ ಹಿಡಿದುಕೊಂಡರು. ಹೋಗುವಾಗ ಎಲ್ಲ ಸರಿಯಿತ್ತು. ತಿರುಗಿ ತಮ್ಮ ಕಡೆಗೇ ಬರುವಾಗ ವಿಮಾನದ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹೊಸಬರೆಲ್ಲ ಎಡವುವುದು ಅಲ್ಲೇ. ತನ್ಮಯಿ ಕೈ ಚಾಚುವಷ್ಟರಲ್ಲಿ ಬಿಳಿ ವಿಮಾನ ವಾಲಿ ವಾಲಿ, ಅವಸರವಿಲ್ಲದೆ ಇಳಿದು, ಜೌಗಿನ ನೀರಿನ ಮೇಲೆ ಹೊಟ್ಟೆ ಹಚ್ಚಿ ಕೂತಿತು. ಮುಳುಗಲಿಲ್ಲ. ಬೆಂಡು ಮುಳುಗುವುದಿಲ್ಲ. ತಾನು ಬೆಳೆದ ನೀರಿನಲ್ಲೇ ರೆಕ್ಕೆ ಚಾಚಿಕೊಂಡು ಮೆಲ್ಲಗೆ ತೇಲತೊಡಗಿತು.

ಮೂವರೂ ಬದುವಿನ ಮೇಲೆ ಕೂತರು. ಶೋಲಾ ಕಡಿಯುವವನೊಬ್ಬ ತಾಳೆಮರದ ದೋಣಿ ಬಿಚ್ಚಿ, ತಂದುಕೊಡುತ್ತೇನೆ ಎಂದು ಕೈಸನ್ನೆ ಮಾಡಿ ಹೊರಟ. ಅವನಿಗೂ ಅವಸರವಿರಲಿಲ್ಲ.

"ಮಾವಾರು ಇದ್ದಿದ್ರ ವಾಪಸ್ ತರಾಕ ಬಿಡ್ತಿರಲಿಲ್ಲ," ಎಂದರು ಲೀಲಾ.

"ಬಾಳಿತು ಬಿಡು," ಎಂದರು ಓಂಕಾರಪ್ಪ. ಆಮೇಲೆ ದೋಣಿಯವನನ್ನು ಕೂಗಿ, ಮೋಟರು ಬ್ಯಾಟರಿ ಮಾತ್ರ ಬಿಚ್ಚಿ ತಂದರೆ ಸಾಕು, ಉಳಿದದ್ದು ನೀರಿಗೇ ಇರಲಿ ಎಂದು ಬಂಗಾಳಿಯಲ್ಲಿ ಹೇಳಿದರು.

ಕೊನೆಯ ದಿನ ಮ್ಯೂಸಿಯಮ್ಮಿನಲ್ಲಿ ನಾಲ್ಕು ಗಂಟೆಗೆ ಬೀಳ್ಕೊಡುಗೆ. ಎರಡು ಗಂಟೆಗೆ ಓಂಕಾರಪ್ಪ ತಂತಿಗಳನ್ನು ಒಂದು ಸಲ ನೋಡಬೇಕು ಎಂದು ಹೇಳಿ ಉದ್ದನೆಯ ಏಣಿ ತರಿಸಿದರು. ಪ್ರದೀಪ ಏಣಿ ಹಿಡಿದ. ಒಂದೊಂದಾಗಿ ಹನ್ನೊಂದು ವಿಮಾನಗಳ ಹತ್ತಿರ ಹತ್ತಿ, ಬಾಲದೊಳಗಿನ ಸೀಸದ ಚೂರು ತೆಗೆದು ಜೇಬಿಗೆ ಹಾಕಿಕೊಂಡು, ತಂತಿಯನ್ನು ಒಂದು ಬೆರಳು ಸರಿಸಿ, ಮೂಗನ್ನು ಕೂದಲೆಳೆಯಷ್ಟು ಕೆಳಗಿಳಿಸಿದರು. ಮುಗಿಯುವ ಹೊತ್ತಿಗೆ ಜೇಬು ಜೋತುಬಿದ್ದಿತ್ತು.

ಸಭೆಯಲ್ಲಿ ಹೂಗುಚ್ಛ ಕೊಟ್ಟರು, ನೊಲೇನ್ ಗುಡ ಎನ್ನುವ ಖರ್ಜೂರದ ಹೊಸ ಬೆಲ್ಲದಿಂದ ಮಾಡಿದ ಸಂದೇಶ್ ಮಿಠಾಯಿ ಹಂಚಿದರು. ನಿರ್ದೇಶಕರು ಭಾಷಣದಲ್ಲಿ, ಈಗಷ್ಟೇ ನೆಲ ಬಿಟ್ಟು ಏರುತ್ತಿರುವಂಥ ವಿಮಾನಗಳು ಎಂದು ಹೊಗಳಿದರು, ಮೇಲೆ ನೋಡದೆ. ಉಳಿದವರೂ ನೋಡಲಿಲ್ಲ. ಓಂಕಾರಪ್ಪ ಕೈ ಮುಗಿದು, ಬೀಗದ ಕೈ ಕೊಟ್ಟು, ಹಾಲಿನ ಬಾಗಿಲವರೆಗೆ ಬಂದು ಒಂದು ಸಲ ತಿರುಗಿ ನೋಡಿದರು.

ಪ್ರದೀಪ ಮೂಲೆಯಿಂದ ತನ್ನ ಕುರ್ಚಿಯನ್ನು ಎತ್ತಿಕೊಂಡು ಬರುತ್ತಿದ್ದ. ಹಾಲಿನ ನಟ್ಟನಡುವೆ, ಎಲ್ಲಕ್ಕಿಂತ ದೊಡ್ಡ ವಿಮಾನದ ಸರಿಯಾಗಿ ಕೆಳಗೆ ಅದನ್ನು ಇಟ್ಟ. ಒಮ್ಮೆ ಕತ್ತೆತ್ತಿ ನೋಡಿದ. ಆಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಾಲು ಚಾಚಿ ಕೂತ.